ಎಡಗಾಲ ಮೇಲೆ ನಿಂತ ಮುನಿರಾಜು

ದೊಡ್ಡನೆಕ್ಕುಂದಿಯ ಮುನಿರಾಜು ಗಾಲ್ಫ್ ಕೋಲು ಬೀಸಿದರೆ ರಿಂಗ್ ರೋಡಿನ ಟ್ರಾಫಿಕ್ಕೆಲ್ಲ ಒಂದು ಗಳಿಗೆ ಉಸಿರು ಬಿಗಿಹಿಡಿಯುತ್ತಿತ್ತು. ಚೆಂಡು ಮಾತ್ರ ಇದ್ದಲ್ಲೇ ಇರುತ್ತಿತ್ತು. ಪೀಜಿ ಕಟ್ಟಡಗಳ ಒಡೆಯ, ತೋಳು ಒಂದೊಂದೂ ಹಲಸಿನ ಕೊಂಬೆ. ಸೌದೆ ಸೀಳುವವನ ಹಾಗೆ ಬರೀ ತೋಳಲ್ಲೇ ಬೀಸಿ, ಬಲಗಾಲಿನ ಮೇಲೆ ಹಿಂದಕ್ಕೆ ವಾಲಿ ದೊಪ್ಪನೆ ಕೂತುಬಿಡುತ್ತಿದ್ದ.

"ತೋಳು ಮರ್ತುಬಿಡಿ ಸಾರ್," ಎನ್ನುತ್ತಿದ್ದಳು ಕೋಚ್ ಶರಣ್ಯ. "ತೂಕ ಮೊದ್ಲು ಎಡಗಾಲಿಗೆ ಬರ್ಲಿ, ಆಮೇಲೆ ಸೊಂಟ, ಕೈ ಕೊನೇಲಿ. ಹೊಡೆದಾದ್ಮೇಲೆ ಎಡಗಾಲ ಮೇಲೆ ಹಂಗೇ ನಿಂತಿರಿ. ಚೆಂಡು ಬೀಳೋವರ್ಗೂ ಅಲ್ಲಾಡ್ಬಾರ್ದು."

"ನಿಂತ್ರೆ ಗೊಮ್ಮಟ ಕಣಮ್ಮಾ ನಾನು! ನಿಲ್ಲಾದೇ ಕಷ್ಟ."

ಅವನು ಗಾಲ್ಫ್ ಕಲಿಯುತ್ತಿದ್ದ ಮೈದಾನ ಹಿಂದೆ ಅವನ ಮನೆತನದ ರಾಗಿಹೊಲವಾಗಿತ್ತು. ಮೂಲೆಯಲ್ಲಿ ಮನೆದೇವರು ಮುನೇಶ್ವರನ ಕಲ್ಲು. ಮನೆಯ ಮಕ್ಕಳೆಲ್ಲರ ಮೊದಲ ಮುಡಿ ತೆಗೆದದ್ದು ಅದರ ಮುಂದೆಯೇ. ಕಲ್ಲು ಕಿತ್ತರೆ ಮೈದಾನದ ಹಿಂದಿರುವ ತನ್ನ ಗೋದಾಮಿಗೆ ಲಾರಿ ನುಗ್ಗಲು ದಾರಿಯಾಗುತ್ತದೆಂದು ಚಿಕ್ಕಪ್ಪನ ಮಗ ದೇವರಾಜ್ ಹಲ್ಲು ಮಸೆಯುತ್ತಿದ್ದ.

ಭಾನುವಾರ ಬೆಳಿಗ್ಗೆ ಶರಣ್ಯಳ ಪಾಠ ನಡೆಯುತ್ತಿದ್ದಾಗಲೇ ದೇವರಾಜ್ ಜೆಸಿಬಿ ತಂದೇಬಿಟ್ಟ. ಕೈಯಲ್ಲಿ ಹಾರೆ. ಹಿಂದೆ ಕಬ್ಬಿಣದ ಪೈಪು ಹಿಡಿದ ಅವನ ಭಾವಮೈದ ಶಶಿಕುಮಾರ್.

"ಕಲ್ಲು ಮುಟ್ಟಿದ್ರೆ ಸೀಳ್ಬಿಡ್ತೀನಿ!" ಮುನಿರಾಜು ಕೋಲು ಹಿಡಿದು ನುಗ್ಗಿದ.

"ಆ ಹಲ್ಲುಕಡ್ಡೀಲಾ ಮಗಾ?" ದೇವರಾಜ್ ಹಾರೆ ಎತ್ತಿದ.

ಮುನಿರಾಜು ಬೀಸಿದ, ಬರೀ ತೋಳಲ್ಲಿ. ಏಟು ಗಾಳಿಗೆ ಬಿತ್ತು. ಹಿಂದಕ್ಕೆ ವಾಲಿದವನ ಬಾಯಿಗೆ ಹಾರೆಯ ತುದಿ ಬಡಿಯಿತು. ಎರಡು ಹಲ್ಲು ಹಾರಿ ಮಾರತಹಳ್ಳಿ ಸೇತುವೆ ದಾಟಿದವು, ನೋಡಿದವರಿದ್ದಾರೆ. ಮುಂದಿನ ಏಟಿಗೆ ಬಲಗಡೆಯ ಕೊರಳೆಲುಬು ಲಟಕ್ಕೆಂದಿತು. ಅಂಗಿಯೆಲ್ಲ ರಕ್ತ. ಹಲಸಿನ ಕೊಂಬೆ ಜೋತುಬಿತ್ತು.

ತೋಳು ಸತ್ತಿತ್ತು, ಉಳಿದದ್ದು ಸೊಂಟ ಮಾತ್ರ. ಎಡಪಾದ ನೆಲ ಕಚ್ಚಿತು. ಮೈಯ ತೂಕವೆಲ್ಲ ಅದರ ಮೇಲೆ ಹರಿದು, ಸೊಂಟ ಗಾಣದಂತೆ ಹೊರಳಿ, ಕೈಗಳು ಕೊನೆಗೆ ಹಗ್ಗದ ಹಾಗೆ ಹಿಂದೆ ಬಂದವು. ಕೋಲು ದೇವರಾಜನ ಮೊಣಕಾಲಿಗೆ ಬಡಿಯಿತು. ಚಿಪ್ಪು ಪುಡಿಯಾದ ಸದ್ದಿಗೆ ವೈಟ್‌ಫೀಲ್ಡಿನ ನಾಯಿಗಳು ಊಳಿಟ್ಟವು.

ಮುನಿರಾಜು ಎದೆಯೆತ್ತಿ, ಬಲಗಾಲಿನ ಹೆಬ್ಬೆರಳನ್ನಷ್ಟೇ ನೆಲಕ್ಕೆ ತಾಗಿಸಿ, ಎಡಗಾಲ ಮೇಲೆ ನಿಂತ. ಜನ್ಮದಲ್ಲಿ ಮೊದಲ ಸಲ ಅಲ್ಲಾಡಲಿಲ್ಲ.

"ಸಾರ್, ಹಿಂದೆ! ಓಡಿ!" ಶರಣ್ಯ ಕಿರುಚಿದಳು.

"ಇರಮ್ಮಾ, ಅವ್ನಿನ್ನೂ ಪೂರಾ ಬಿದ್ದಿಲ್ಲ!"

ಶಶಿಕುಮಾರನ ಪೈಪು ಆ ಎಡಗಾಲಿನ ಮೇಲೆಯೇ ಇಳಿಯಿತು. ಮೂಳೆ ಚರ್ಮ ಸೀಳಿಕೊಂಡು ಹೊರಬಂತು. ಮುನಿರಾಜು ಬೋರಲಾಗಿ ಕಲ್ಲಿನ ಮೇಲೆ ಬಿದ್ದ. ಹಣೆ ಒಡೆದು, ರಕ್ತ ಕಲ್ಲಿನ ನೆತ್ತಿಯಿಂದ ಬುಡದವರೆಗೆ ಇಳಿಯಿತು.

"ಇವನ್ನ ಎಳೆದಾಕಿ ಕಲ್ಲು ಎತ್ತೋ!" ಶಶಿಕುಮಾರ್ ಜೆಸಿಬಿ ಚಾಲಕ ಮಲಕಪ್ಪನಿಗೆ ಅರಚಿದ.

ಮಲಕಪ್ಪ ಕೆಳಗಿಳಿದ. ಚಪ್ಪಲಿ ಬಿಟ್ಟು ಹತ್ತಿರ ಬಂದು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ರಗತ ಕುಡದಾನ್ರೀ ದೇವ್ರು. ಬಲಿ ತಗೊಂಡ ಕಲ್ಲಿಗೆ ಕೈ ಹಚ್ಚಾಂಗಿಲ್ಲ. ನಂಗೂ ಹೆಂಡ್ರು ಮಕ್ಕಳದಾರ."

"ಅದು ಮನುಷ್ಯನ ರಕ್ತ ಕಣೋ!"

"ಅದಕ್ಕೇ ಒಲ್ಲೆ ಅಂದದ್ರೀ."

ಜೆಸಿಬಿ ಹಿಮ್ಮುಖವಾಗಿ ಗೇಟು ದಾಟಿತು. ಶಶಿಕುಮಾರ್ ತಾನೇ ಪೈಪು ಎತ್ತಿದ, ಕಲ್ಲಿನತ್ತ ನೋಡಿದ, ಪೈಪನ್ನು ಕೆಳಗೆ ಹಾಕಿದ. ಚೀರುತ್ತಿದ್ದ ದೇವರಾಜನನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಆಂಬುಲೆನ್ಸಿನವರು ಬಂದಾಗ ಮುನಿರಾಜು ಕಲ್ಲನ್ನು ತಬ್ಬಿಕೊಂಡೇ ಇದ್ದ. ಬಿಡಿಸಲು ಇಡೀ ದೊಡ್ಡನೆಕ್ಕುಂದಿಯೇ ಕೈ ಹಾಕಬೇಕಾಯಿತು.