ಅಡ್ಡ ಓಡುವ ಕಾರಿಗೆ ಕ್ಲಬ್ಬಿನ ಒಪ್ಪಿಗೆ

ಒಂದು ವಾಲಿಬಾಲು ಹೊಲಿಗೆ ಬಿಚ್ಚದೆ ಎರಡು ವರ್ಷ ಬಾಳುತ್ತದೆ. ಇಲಿಗೆ ಸಿಗದಂತೆ ಮಡಚಿಟ್ಟರೆ ನೆಟ್ಟು ಹತ್ತು ವರ್ಷಕ್ಕೆ ಮೋಸವಿಲ್ಲ. ಚದುರಂಗದ ಮಣೆಗಂತೂ ಸಾವೇ ಇಲ್ಲ. ಒಂದು ಕುದುರೆ ಕಳೆದುಹೋದರೆ ಬಾಟಲಿಯ ಮುಚ್ಚಳ ಇಟ್ಟುಕೊಂಡು ಆಡಬಹುದು. ಆದರೆ ಸೀಟಿಯಮ್ಮನ ಸೊಸೆಯ ಆಟದಲ್ಲಿ ಕಾರಿನ ಹಿಂದಿನ ಎರಡು ಟೈರು ಹಾಲು ಕಾಯುವಷ್ಟರಲ್ಲಿ ಬೋಳಾಗಿಬಿಡುತ್ತವೆ. ಒಂದು ದಿನದ ಪಂದ್ಯಕ್ಕೆ ಹನ್ನೆರಡು ಟೈರು, ಆಗಾಗ ಒಂದು ಕ್ಲಚ್ಚು, ಜೊತೆಗೆ ಕಾರು ರಿಪೇರಿ ಮಾಡುವ ಮಗನ ನಿದ್ದೆ. ಇಷ್ಟೆಲ್ಲ ಸುಟ್ಟ ಮೇಲೆ ಮೊದಲು ಬಂದವರು ಯಾರು ಎಂದು ಕೇಳಿದರೆ, ಇದರಲ್ಲಿ ಮೊದಲು ಗುರಿ ಮುಟ್ಟುವುದೆಂಬುದೇ ಇಲ್ಲ, ತೀರ್ಪುಗಾರರು ಕೊಟ್ಟ ಅಂಕವಷ್ಟೇ ಅನ್ನುತ್ತಾರೆ.

ಸೀಟಿಯಮ್ಮನಿಗೆ ತಲೆ ಕೆಡುತ್ತಿದ್ದುದು ಅಲ್ಲೇ.

ಶಾಲೆಯಲ್ಲಿ ಆಟ ಕಲಿಸಿ ನಿವೃತ್ತಳಾದ ಆಕೆ ವಾಲಿಬಾಲಿನ ರೆಫರಿಯಾಗಿ ಹೆಸರು ಮಾಡಿದವಳು. ಹೆತ್ತ ಮಗ ನೆಟ್ಟಿಗೆ ಕೈ ತಾಗಿಸಿದಾಗಲೂ ಸೀಟಿ ಊದಿದ್ದಳು. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ತೀರ್ಪು ಕೇಳಲು ಅಂಗಳಕ್ಕೆ ನುಗ್ಗುವ ಅಪ್ಪ ಅಮ್ಮಂದಿರನ್ನು ಬಾಯಿ ಬಿಚ್ಚದೆ, ಬರೀ ಬೆರಳು ತೋರಿಸಿ ಗೆರೆಯಾಚೆ ಕಳಿಸುತ್ತಿದ್ದಳು. ಈಗ ಬಡಾವಣೆಯ ಕ್ರೀಡಾ ಕ್ಲಬ್ಬಿಗೆ ಆಕೆಯೇ ಅಧ್ಯಕ್ಷೆ.

ಸೊಸೆಯದು ಬೇಕರಿಯ ವ್ಯಾನು ಓಡಿಸುವ ಕೆಲಸ. ಬೆಳಗ್ಗೆ ಇಕ್ಕಟ್ಟಿನ ಗಲ್ಲಿಗಳಲ್ಲಿ ಒಂದು ಬ್ರೆಡ್ಡೂ ನಜ್ಜುಗುಜ್ಜಾಗದಂತೆ ಅಂಗಡಿಗಳಿಗೆ ಮುಟ್ಟಿಸುವವಳು, ರಜೆಯ ದಿನ ಹಳೆಯ ಕಾರೊಂದನ್ನು ಬೇಕೆಂದೇ ಜಾರಿಸಿ ಅಡ್ಡಡ್ಡ ಓಡಿಸುತ್ತಿದ್ದಳು. ಡ್ರಿಫ್ಟಿಂಗ್ ಅಂತ ಅದರ ಹೆಸರು. ಇಷ್ಟು ದಿನ ಯಾರು ಬೇಕಾದರೂ ಪಂದ್ಯಕ್ಕೆ ಇಳಿಯಬಹುದಿತ್ತು. ಮುಂದಿನ ವರ್ಷದ ಲೀಗಿಗೆ ಮಾತ್ರ ಯಾವುದಾದರೂ ಕ್ರೀಡಾ ಕ್ಲಬ್ಬಿನ ಒಪ್ಪಿಗೆ ಇರಲೇಬೇಕಂತೆ. ಇಲ್ಲದಿದ್ದರೆ ಕಾರಿಗೆ ಹೊದಿಕೆ ಹೊದಿಸಿ ಮನೆಯಲ್ಲಿ ಕೂರಬೇಕು.

ವಿಷಯ ಕಮಿಟಿಗೆ ಬಂತು. ಭಾರ ಎತ್ತುವುದರಲ್ಲಿ ಪದಕ ಗೆದ್ದ ಗುಂಡುಕಲ್ಲಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಬೆವರು ಯಾರದು? ಹುಡುಗೀದೋ ಇಂಜಿನ್ನಿಂದೋ?" ಗಡಿಯಾರವಿಲ್ಲದ್ದು ಆಟವೇ ಅಲ್ಲ, ಮೂರು ಜನ ಕೂತು ಅಂಕ ಕೊಡುವುದಾದರೆ ಅದು ಸೌಂದರ್ಯ ಸ್ಪರ್ಧೆ ಎಂದು ಈಜಿನ ಕೋಚು ದನಿಗೂಡಿಸಿದ. ಚದುರಂಗದ ಮೇಷ್ಟ್ರು ನಿಧಾನಕ್ಕೆ ಕನ್ನಡಕ ಒರೆಸಿಕೊಂಡರು. "ನಾನು ಬೆವರೋದು ಫ್ಯಾನು ನಿಂತಾಗ ಮಾತ್ರ. ನನ್ನನ್ನ ಸೇರಿಸ್ಕೊಂಡು ಇಪ್ಪತ್ತು ವರ್ಷ ಆಯ್ತಲ್ಲಪ್ಪ." ಖಜಾಂಚಿ ನಕ್ಕು ಅವರ ಕಡೆ ಸೇರಿದ. ಇತ್ತ ಇಬ್ಬರು, ಅತ್ತ ಇಬ್ಬರು. ಎಲ್ಲರ ಕಣ್ಣೂ ಅಧ್ಯಕ್ಷೆಯ ಕಡೆ ತಿರುಗಿತು.

"ಸೊಸೆ ಅಂತ ಕೈ ಎತ್ತಲ್ಲ. ಸೊಸೆ ಅಂತ ಕೈ ಕಟ್ಕೊಂಡೂ ಕೂರಲ್ಲ," ಎಂದಳು ಸೀಟಿಯಮ್ಮ. "ಕಣ್ಣಾರೆ ನೋಡಿ ಬಂದು ಹೇಳ್ತೀನಿ."

ಮನೆಯಲ್ಲಿ ಸೊಸೆ ಆ ಮಾತು ಎತ್ತಲೇ ಇಲ್ಲ. ಹೊರಡುವ ದಿನ, ಕಿವಿಗೆ ಹತ್ತಿ ಇಟ್ಕೊಳ್ಳಿ ಅತ್ತೆ, ಅಂದಳು ಅಷ್ಟೇ.

ತಂಡದವರ ಪಾಸನ್ನು ಕೊರಳಿಗೆ ಹಾಕಿ ಮಗ ಅಮ್ಮನನ್ನು ಬೇಲಿಯೊಳಗೆ ಕರೆದೊಯ್ದ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಅಡರಿತು. ಅವನೇ ಎಲ್ಲ ಬಿಡಿಸಿ ಹೇಳಿದ. ಎರಡೆರಡೇ ಕಾರು ಬಿಡುತ್ತಾರೆ. ಮುಂದಿನದು ಜಾರುತ್ತಾ ದಾರಿ ತೋರಬೇಕು, ಹಿಂದಿನದು ಅದಕ್ಕೆ ಅಂಟಿಕೊಂಡಂತೆ ಹಾಗೇ ಜಾರಬೇಕು, ಆದರೆ ತಾಗಬಾರದು. ಆಮೇಲೆ ಅದಲುಬದಲು. ತಿರುವುಗಳಲ್ಲಿ ಬಳಿದ ಹಳದಿ ಚೌಕಗಳ ಒಳಗೇ ಹಿಂದಿನ ಚಕ್ರ ಹಾಯಬೇಕು.

ಮೊದಲೆರಡು ಜೊತೆ ಹೋದಾಗ ಸೀಟಿಯಮ್ಮನಿಗೆ ಕಂಡದ್ದು ಹೊಗೆ ಮಾತ್ರ. ಮೂರನೆಯದರಲ್ಲಿ ಸೊಸೆ ಹಿಂದಿನ ಕಾರಿನಲ್ಲಿದ್ದಳು. ಮುಂದಿನವನ ಮೂತಿ ತಿರುಗುವ ಮೊದಲೇ ಇವಳ ಕಾರಿನ ಭುಜ ವಾಲಿತು. ಎರಡು ಕಾರುಗಳ ಬಾಗಿಲುಗಳ ನಡುವೆ ಒಬ್ಬ ಮನುಷ್ಯ ಓರೆಯಾಗಿ ನಿಲ್ಲುವಷ್ಟೂ ಜಾಗವಿಲ್ಲ, ಅಷ್ಟನ್ನೇ ಹಿಡಿದುಕೊಂಡು ಇಡೀ ತಿರುವು ಸುತ್ತಿದಳು. ಸೀಟಿಯಮ್ಮನ ಮೈ ಜುಮ್ಮೆಂದಿತು. ಇದು ಅವಳಿಗೆ ಗೊತ್ತಿದ್ದ ವಿದ್ಯೆ. ಚೆಂಡು ಬರುವ ಮೊದಲೇ ಎದುರಾಳಿಯ ಭುಜ ನೋಡಿ ನೆಟ್ಟಿನ ಬಳಿ ಹಾರುವವರು ಸಾವಿರಕ್ಕೊಬ್ಬರು. ಅಂಥವಳೊಬ್ಬಳು ಐದು ವರ್ಷದಿಂದ ತನ್ನ ಮನೆಯಲ್ಲೇ ಪಾತ್ರೆ ಒರೆಸಿಡುತ್ತಿದ್ದಳು.

ಸೆಮಿಫೈನಲ್ಲಿನಲ್ಲಿ ಎದುರಾಳಿ ಹಸಿರು ಕಾರಿನವನು, ಕಳೆದ ವರ್ಷದ ಚಾಂಪಿಯನ್. ಎರಡೂ ಸುತ್ತು ಮುಗಿದ ಮೇಲೆ ತೀರ್ಪುಗಾರರು ಸಮ ಸಮ, ಮತ್ತೊಮ್ಮೆ ಆಡಿ ಎಂದರು. ಮತ್ತೊಮ್ಮೆ ಆಡಿದರು. ಗೆದ್ದದ್ದು ಹಸಿರು ಕಾರು.

ಸೀಟಿಯಮ್ಮ ಯಾವಾಗ ಎದ್ದಳೋ ಅವಳಿಗೇ ತಿಳಿಯಲಿಲ್ಲ. ನೋಡಿದರೆ ತೀರ್ಪುಗಾರರ ಮೇಜಿನ ಮುಂದೆ ನಿಂತಿದ್ದಾಳೆ, ಬೆರಳು ಮೇಲೆದ್ದಿದೆ, ಬಾಯಲ್ಲಿ ಮಾತು ಪಟಪಟ ಸಿಡಿಯುತ್ತಿದೆ. ಕಣ್ಣಿದ್ದೂ ಕುರುಡರಾದಿರಾ, ಅವಳಷ್ಟು ಹತ್ತಿರ ಅವನು ಬಂದಿದ್ದನೇ ಎಂದು ಕೇಳುತ್ತಿದ್ದಳು. ಮೂವತ್ತು ವರ್ಷ ಯಾರನ್ನು ಕಂಡರೆ ಮೈ ಉರಿಯುತ್ತಿತ್ತೋ, ಥೇಟ್ ಅವರಂತೆಯೇ.

ಮುಖ್ಯ ತೀರ್ಪುಗಾರ ಮಗನಿಗಿಂತ ಚಿಕ್ಕ ವಯಸ್ಸಿನವನು. ದನಿ ಏರಿಸಲಿಲ್ಲ. "ಅಮ್ಮ, ಗೆರೆ ದಾಟಿ ಬಂದಿದ್ದೀರಿ."

ತಗ್ಗಿ ನೋಡಿದಳು. ಪಾದಗಳ ಹಿಂದೆ ದಪ್ಪ ಗೆರೆಯಿತ್ತು.

ಅವನು ಪರದೆಯನ್ನು ಅವಳ ಕಡೆ ತಿರುಗಿಸಿ ಸೊಸೆಯ ಸುತ್ತನ್ನು ನಿಧಾನವಾಗಿ ತೋರಿಸಿದ. ಕೊನೆಯ ತಿರುವಿನಲ್ಲಿ ಹಿಂದಿನ ಚಕ್ರ ಹಳದಿ ಚೌಕದಿಂದ ಒಂದು ಗೇಣು ಹೊರಗಿತ್ತು. ತಾನೇ ಅಲ್ಲಿ ಕೂತಿದ್ದರೂ ಸೀಟಿ ಊದುತ್ತಿದ್ದಳು. ತಂಡದವರು ವಾದಕ್ಕೆ ಬಂದರೆ ಆ ಗಳಿಗೆಯಿಂದ ಮುಂದಿನ ವರ್ಷದ ಕೊನೆಯವರೆಗೆ ಅವರಿಗೆ ಬೇಲಿಯೊಳಗೆ ಜಾಗವಿಲ್ಲ, ಅದು ನಿಯಮ ಎಂದು ಅವನು ಹೇಳಿದ. ಅವನು ಕೇಳುವ ಮೊದಲೇ ಸೀಟಿಯಮ್ಮ ಪಾಸನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಳು. "ಸರಿಯಾಗಿ ನೋಡಿದ್ದೀಯಪ್ಪ," ಎಂದಳು.

ಸೊಸೆ ಅಷ್ಟರಲ್ಲಿ ಹೆಲ್ಮೆಟ್ ಕಳಚಿ, ಬೆವರಿಗೆ ಅಂಟಿದ ಕೂದಲಲ್ಲೇ ಹೋಗಿ ಹಸಿರು ಕಾರಿನವನ ಕೈ ಕುಲುಕಿ ಬಂದಿದ್ದಳು.

"ಚಕ್ರ ಹೊರಗೆ ಹೋಗಿದ್ದು ನನಗೆ ಒಳಗಿಂದಲೇ ಗೊತ್ತಾಯ್ತು ಅತ್ತೆ. ನೀವ್ಯಾಕೆ ಜಗಳಕ್ಕೆ ಹೋದ್ರಿ?"

"ನನಗೇನು ಗೊತ್ತು, ಕಾಲು ಹೋಯ್ತು."

"ಇನ್ನೊಬ್ಬರ ಸೊಸೆ ಆಗಿದ್ರೆ?"

"ಸುಮ್ನಿರ್ತಿದ್ದೆ," ಎಂದಳು ಸೀಟಿಯಮ್ಮ. ಸೊಸೆ ನಕ್ಕುಬಿಟ್ಟಳು. ಸೋತು ಬಂದ ಹುಡುಗಿ ಹೀಗೆ ನಗುವುದನ್ನು ನೋಡಿ ಮುದುಕಿಯ ಎದೆ ತುಂಬಿ ಬಂತು.

ಮೂರನೆಯ ಸ್ಥಾನಕ್ಕೆ ಇನ್ನೊಂದು ಪಂದ್ಯವಿತ್ತು. ಅದನ್ನು ಸೀಟಿಯಮ್ಮ ಬೇಲಿಯ ಹೊರಗೆ, ಜನರ ಮಧ್ಯೆ ನಿಂತು ನೋಡಿದಳು. ಸೊಸೆಯ ಚಕ್ರ ಒಂದು ಚೌಕವನ್ನೂ ಬಿಡಲಿಲ್ಲ. ಗೆದ್ದದ್ದು ಘೋಷಣೆಯಾದಾಗ ಪಕ್ಕದಲ್ಲಿದ್ದವರಿಗೆ, ಅವರು ಕೇಳದಿದ್ದರೂ, ಅದು ನಮ್ಮನೆ ಹುಡುಗಿ, ನನ್ನ ಸೊಸೆ ಎಂದು ಹೇಳಿದಳು. ಆ ಸಾಲು ಮುಗಿದ ಮೇಲೆ ಹಿಂದಿನ ಸಾಲಿನವರಿಗೂ ಹೇಳಿದಳು.

ಕಮಿಟಿಯ ಮುಂದೆ, ಪಂದ್ಯದ ದಿನ ನಡೆದದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಸಿದಳು. ಗುಂಡುಕಲ್ಲಣ್ಣನಿಗೆ ನಗು ತಡೆಯಲಾಗಲಿಲ್ಲ. "ಸೀಟಿಯಮ್ಮನ್ನೇ ಆಚೆ ಹಾಕಿದ್ರಾ?"

"ಹಾಕಿದ್ರು. ಹಾಕಲೇಬೇಕಿತ್ತು," ಎಂದಳು. "ಸರ್ಕಸ್ಸು ನೋಡಿ ಬಂದು ಯಾರಾದ್ರೂ ತೀರ್ಪು ತಪ್ಪು ಅಂತ ಜಗಳ ಆಡ್ತಾರೇನಯ್ಯ? ಅಲ್ಲಿ ಗೆರೆ ಇದೆ. ಗೆರೆ ದಾಟಿದ್ದನ್ನ ನೋಡೋ ಕಣ್ಣಿದೆ. ಸೋತಾಗ ಒಪ್ಕೊಳ್ಳೋ ಹುಡುಗಿ ಇದ್ದಾಳೆ. ನಾವು ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದು ಬೇರೇನು?"

ಕೈ ಎತ್ತಿದಳು. ಈಜಿನ ಕೋಚು ಆ ಕಡೆ ಈ ಕಡೆ ನೋಡಿ ತಾನೂ ಎತ್ತಿದ. ಗುಂಡುಕಲ್ಲಣ್ಣ ಮಾತ್ರ, ಬೆವರಿನ ಲೆಕ್ಕ ಇನ್ನೂ ಸರಿಹೋಗಲಿಲ್ಲ ಎಂದು ಗೊಣಗುತ್ತ ಕೈಯನ್ನು ತೊಡೆಯ ಮೇಲೇ ಇಟ್ಟುಕೊಂಡ.

ಸೊಸೆಗೆ ಲೀಗಿನಲ್ಲಿ ಜಾಗ ಸಿಕ್ಕಿತು. ಅವಳ ಕಾರಿನ ಬಾಗಿಲ ಮೇಲೆ ಕ್ಲಬ್ಬಿನ ಹೆಸರು ಬಂತು. ಪಾಸು ಕಳೆದುಕೊಂಡ ಸೀಟಿಯಮ್ಮ ಮಾತ್ರ ಲೀಗಿನ ಪಂದ್ಯಗಳನ್ನೆಲ್ಲ ಟಿಕೆಟ್ಟು ಕೊಂಡು, ಗ್ಯಾಲರಿಯಲ್ಲಿ ಕೂತು ನೋಡಬೇಕಾಯಿತು.