ಎಲ್ಲವನ್ನೂ ಒಪ್ಪುತ್ತೇನೆ

ಪುಟ ತೆರೆಯುವ ಮೊದಲೇ ಒಂದು ಚೌಕ ಎದ್ದು ಬಂದು ಅರ್ಧ ಪರದೆಯನ್ನು ಮುಚ್ಚಿಕೊಂಡಿತು. ನಿಮಗೆ ಉತ್ತಮ ಸೇವೆ ಕೊಡಲು ನಾವೂ ನಮ್ಮ ಪಾಲುದಾರರೂ ಕುಕೀಗಳನ್ನು ಬಳಸುತ್ತೇವೆ ಎಂದು ಬರೆದಿತ್ತು. ಕೆಳಗೆ ದಪ್ಪ ಹಸಿರು ಗುಂಡಿಯಲ್ಲಿ 'ಎಲ್ಲವನ್ನೂ ಒಪ್ಪುತ್ತೇನೆ'. ಪಕ್ಕದಲ್ಲಿ ಕಂಡೂ ಕಾಣದ ಬೂದು ಅಕ್ಷರದಲ್ಲಿ 'ಆಯ್ಕೆ ಮಾಡಿ'. ದೀಪಶ್ರೀ ಬೂದು ಅಕ್ಷರವನ್ನೇ ಒತ್ತಿದಳು. ಉದ್ದದ ಪಟ್ಟಿ ಬಿಚ್ಚಿಕೊಂಡಿತು. ಯಾವ್ಯಾವುದೋ ಕಂಪನಿಗಳ ಹೆಸರು, ಒಂದೊಂದರ ಮುಂದೂ ಒಂದೊಂದು ಸ್ವಿಚ್ಚು. ನಾಲ್ಕೈದನ್ನು ಆಫ್ ಮಾಡುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಾಲಿನ ಬಕೆಟ್ಟು ಎತ್ತಿದ ಸದ್ದಾಯಿತು. ಪಟ್ಟಿ ಮುಗಿಯುವಂತಿರಲಿಲ್ಲ. ಹಸಿರು ಗುಂಡಿ ಒತ್ತಿಬಿಟ್ಟಳು.

ಫೋನು ಕೊಟ್ಟಿಗೆಯಲ್ಲಿದ್ದ ಅತ್ತಿಗೆ ರೂಪಳದು. ತನ್ನದರಲ್ಲಿ ನೋಡಲು ದೀಪಶ್ರೀಗೆ ಧೈರ್ಯವಿರಲಿಲ್ಲ. ಮದುವೆ ಗೊತ್ತಾದ ಮೇಲೆ ಹುಡುಗ, ಕೊಳ್ಳೇಗಾಲದ ಗೊಬ್ಬರದಂಗಡಿಯವನು, ಇವರ ಊರು ಕುಂತೂರಿಗೆ ಬಂದಾಗಲೆಲ್ಲ ಅವಳ ಫೋನನ್ನು ಇಸಿದುಕೊಂಡು ಫೋಟೋ ನೋಡುತ್ತ ಕೂರುತ್ತಿದ್ದ. ಅವಳ ಎಡಪಕ್ಕೆಯ ಕೆಳಗೆ ಹೆಸರುಕಾಳಿನಷ್ಟಿದ್ದ ಬಿಳಿ ಮಚ್ಚೆ ಒಂದೇ ತಿಂಗಳಲ್ಲಿ ಎಂಟಾಣೆಯಗಲ ಆಗಿತ್ತು. ತೊನ್ನು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಸಿಕ್ಕಷ್ಟು ಓದಿ, ಕಾಲೇಜಿನಲ್ಲಿ ಕಲಿತಿದ್ದ ಹಾಗೆ ಹಿಸ್ಟರಿ ಅಳಿಸಿ, ಫೋನನ್ನು ಗೂಡಿನಲ್ಲಿಟ್ಟಳು.

ಮಾರನೆಯ ದಿನದಿಂದ ಜಾಹೀರಾತು ಶುರುವಾಯಿತು. ಅಣ್ಣ ಮಲ್ಲಿಕಾರ್ಜುನಸ್ವಾಮಿ, ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿನವನು, ಸಂಜೆ ಹೆಂಡತಿಯ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಸ್ಕೋರಿನ ಕೆಳಗೆ ಬಿಳಿ ಕಲೆಯ ಮುಲಾಮು. ಸುದ್ದಿ ತೆರೆದರೆ ಸುದ್ದಿಯ ನಡುವೆಯೂ ಅದೇ ಮುಲಾಮು, ಯಾವಳದೋ ಬಣ್ಣಗೆಟ್ಟ ಕೈ. ಮೂರು ದಿನ ನೋಡಿದ. ನಾಲ್ಕನೆಯ ದಿನ ಕೊಳ್ಳೇಗಾಲದ ಮೊಬೈಲ್ ಅಂಗಡಿಯ ಜಡೇಸ್ವಾಮಿಗೆ ತೋರಿಸಿಕೊಂಡು ಬಂದ. ಇವು ತಾವಾಗಿ ಬರುವುದಿಲ್ಲ, ಈ ಫೋನಿನಲ್ಲಿ ಯಾರೋ ಹುಡುಕಿದ್ದಾರೆ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟಿದ್ದಾರೆ, ಅದಕ್ಕೇ ಬೆನ್ನು ಹತ್ತಿವೆ ಎಂದನಂತೆ. ಅಣ್ಣ ಜಗಲಿಯಲ್ಲಿ ನಿಂತು ಅದನ್ನು ಅವ್ವನಿಗೆ ಹೇಳುವಾಗ ದೀಪಶ್ರೀ ಬಾಗಿಲ ಮರೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

ತಾನು ಹುಡುಕಿಲ್ಲವೆಂದು ರೂಪ ಹೇಳಿದಳು. ಅವ್ವ ಚನ್ನಾಜಮ್ಮ ನಂಬಲಿಲ್ಲ. ಅಗರದಿಂದ ತಂದ ಹೆಣ್ಣು, ಅವರ ಕಡೆ ಯಾರಿಗಿತ್ತೋ, ಮುಚ್ಚಿಟ್ಟು ಕೊಟ್ಟಿದ್ದಾರೆ ಎಂದಳು. ಅಪ್ಪ ದೊಡ್ಡಮಾದಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಗದ್ದೆಯ ಕಡೆ ಹೋದ.

ನಡುಮನೆಯ ಬಾಗಿಲು ಹಾಕಿ ಅವ್ವ ಸೊಸೆಗೆ ಸೀರೆ ಬಿಚ್ಚಲು ಹೇಳಿದಳು. ಹಗಲು ಹನ್ನೊಂದು ಗಂಟೆ. ಆದರೂ ಬೆಳಕು ಸಾಲದೆಂದು ಮಗಳನ್ನು ಕರೆದಳು.

"ಫೋನಲ್ಲಿ ಲೈಟ್ ಆಕಮ್ಮಿ. ಅತ್ರ ಇಡ್ಕೊ."

ದೀಪಶ್ರೀ ಹಿಡಿದಳು. ಅವ್ವ ಅತ್ತಿಗೆಯ ತೋಳು, ಕಂಕುಳು, ಬೆನ್ನನ್ನೆಲ್ಲ ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ಬೆರಳಿಂದ ಎಳೆದೆಳೆದು ನೋಡಿದಳು. ಹೊಟ್ಟೆಯ ಮೇಲಿನ ಬಸುರಿನ ಗೆರೆಗಳನ್ನೂ ಉಗುರಿನಿಂದ ಕೆರೆದಳು. ರೂಪ ಎದೆಗೆ ಕೈ ಅಡ್ಡ ಹಿಡಿದು ಗೋಡೆ ನೋಡುತ್ತಿದ್ದಳು. ಮೈಯೆಲ್ಲ ನವಿರೆದ್ದಿತ್ತು. ಈಗ ಹೇಳಬಹುದು, ಅಂದುಕೊಂಡಳು ದೀಪಶ್ರೀ. ಮೊಣಕಾಲು ಮುಗಿಯುವಷ್ಟರಲ್ಲಿ ಹೇಳಿಬಿಡುತ್ತೇನೆ. ಮೊಣಕಾಲು ಮುಗಿಯಿತು. ಮೀನಖಂಡದಲ್ಲಿ ಬೆಳ್ಳಗಿನ ಗುರುತೊಂದು ಸಿಕ್ಕಿತು.

"ಅದು ಬೈಕಿನ ಸೈಲೆನ್ಸರ್ ಸುಟ್ಟುದ್ದು ಅತ್ತೆ. ನಿಮ್ ಮಗ್ನೇ ಅಲ್ವಾ ಎಣ್ಣೆ ಅಚ್ಚುದ್ದು, ಕೇಳಿ."

ಅವ್ವ ಬಾಗಿಲಾಚೆಗೆ ಕೂಗಿ ಕೇಳಿದಳು. ಅಣ್ಣ ತನಗೆ ನೆನಪಿಲ್ಲ ಎಂದ.

ಮದುವೆ ಮುಗಿಯುವವರೆಗೆ ರೂಪ ತವರು ಅಗರದಲ್ಲಿರಲಿ, ಬೀಗರ ಕಣ್ಣಿಗೆ ಬೀಳುವುದು ಬೇಡ, ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು. ಮೂರು ವರ್ಷದ ಮಗಳನ್ನು ಜೊತೆಗೆ ಕಳಿಸಲಿಲ್ಲ. ತಾಯಿಯ ಮಗ್ಗುಲಲ್ಲಿ ಮಲಗಿದರೆ ಮಗುವಿಗೂ ಅಂಟೀತು ಎಂದಳು ಅವ್ವ. ಅಂಟುವುದಿಲ್ಲ ಎಂದು ದೀಪಶ್ರೀ ಓದಿದ್ದಳು. ಆ ಪುಟದಲ್ಲಿ ಮೊದಲ ಸಾಲೇ ಅದು.

ಬಟ್ಟೆ ತುಂಬುತ್ತಿದ್ದ ಅತ್ತಿಗೆಯ ಹತ್ತಿರ ಅವಳು ಹೋದಳು. ಮಡಿಸಿದ್ದ ಸೀರೆಯನ್ನೇ ಇನ್ನೊಂದು ಸಲ ಮಡಿಸಿದಳು. ರೂಪ ದನಿ ತಗ್ಗಿಸಿದಳು.

"ಅವತ್ತು ನೀ ನನ್ ಫೋನ್ ಗೂಡ್ಗೆ ಇಟ್ಟುದ್ದ ಕಂಡೆ ಕಣ್ ದೀಪ. ನಿನ್ ಮದ್ವೆ ಕೆಡ್ಬಾರ್ದು ಅಂತ ಬಾಯಿ ಮುಚ್ಕಂಡೆ. ಮಗಿನ್ನಾದ್ರೂ ಕೊಡ್ಸು."

ದೀಪಶ್ರೀ ಲೆಕ್ಕ ಹಾಕಿದಳು. ಇವಳು ಇವತ್ತು ಮುಚ್ಚಿಕೊಂಡ ಬಾಯನ್ನು ನಾಳೆ ಅಗರದಲ್ಲಿ ಬಿಚ್ಚಬಹುದು. ಬಸ್ಸಿನಲ್ಲೇ ಬಿಚ್ಚಬಹುದು. ಯಾರು ಮೊದಲು ಹೇಳುತ್ತಾರೋ ಅವರದೇ ಮಾತು. ಸೀರೆಯನ್ನು ಕೆಳಗಿಟ್ಟು ನಡುಮನೆಗೆ ಹೋದಳು.

"ಅವ್ವ, ಅತ್ಗೆ ನನ್ ಮ್ಯಾಲೇ ಆಕ್ತಾವ್ಳೆ. ನಾ ಉಡುಕ್ದೆ ಅಂತ ಯೋಳು ಅಂತಾಳೆ."

ಆಮೇಲೆ ಎಲ್ಲ ಬೇಗಬೇಗ ನಡೆಯಿತು. ಬ್ಯಾಗು ಬೀದಿಗೆ ಬಂತು. ಅಣ್ಣ ಹೆಂಡತಿಯ ತೋಳು ಹಿಡಿದು ಬಸ್ಸಿನವರೆಗೆ ಎಳೆದುಕೊಂಡು ಹೋದ. ಮದುವೆ ಮುಗಿದ ಮೇಲೆ ನೋಡೋಣ ಎಂಬ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ರೂಪ ಬಸ್ಸು ಹತ್ತುವಾಗ ಅಳುತ್ತಿರಲಿಲ್ಲವೆಂದು ಎದುರು ಮನೆಯ ಚಿಕ್ಕಬಸಮ್ಮ ಬಂದು ಹೇಳಿದಳು. ಅದೂ ಅವಳ ಸೊಕ್ಕೇ ಎಂದಾಯಿತು.

ಮೂರನೆಯ ದಿನ ಟೈಲರ್ ಪುಷ್ಪ ಮದುವೆಯ ರವಿಕೆಗಳಿಗೆ ಅಳತೆ ತೆಗೆದುಕೊಳ್ಳಲು ಬಂದಳು. ಈಗಿನ ಹುಡುಗಿಯರೆಲ್ಲ ಗಿಡ್ಡ ಹೊಲಿಸುತ್ತಾರೆ, ನಿನಗೆಷ್ಟು ಎಂದು ಕೇಳಿದಳು. ಸೊಂಟ ಮುಚ್ಚುವಷ್ಟು ಉದ್ದ ಇರಲಿ ಎಂದಳು ದೀಪಶ್ರೀ. ತನ್ನ ಮಗಳ ನಾಚಿಕೆ ಈಗಿನ ಕಾಲದ ಯಾರಿಗಿದೆ ಎಂದು ಅವ್ವ ಮೊಮ್ಮಗಳಿಗೆ ಅನ್ನ ಕಲೆಸುತ್ತ ಹೇಳಿದಳು. ಮಗು ಬಾಯಿ ಬಿಡದೆ ಬೀದಿಬಾಗಿಲನ್ನೇ ನೋಡುತ್ತಿತ್ತು.

ಪುಷ್ಪ ಟೇಪು ಬಿಚ್ಚಿ ಹತ್ತಿರ ಬಂದಳು. ದೀಪಶ್ರೀ ಎರಡೂ ಕೈ ಎತ್ತಿ ನಿಂತುಕೊಂಡಳು.