ಧಣಿಯ ಜಾಗ

"ಸದ್ದು ಮಾಡ್ಬೇಡ, ಧಣಿಗಳು ಮಲಗಿದ್ದಾರೆ," ಎಂದ ದರ್ಜಿ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. ಪೊರಕೆ ಹಿಡಿದು ಬಂದ ಹೆಂಡತಿ ಎಂದಿನಂತೆ ಅವನ ಎಡಗಾಲನ್ನು ಬಿಟ್ಟು ಸುತ್ತಲೂ ಗುಡಿಸಿದಳು. ಆ ಪಾದದ ಮೇಲೆ ಬಿಳಿ ಮೊಲ ಮುದುಡಿಕೊಂಡು ಮಲಗಿತ್ತು.

ಹೊತ್ತುಹೊತ್ತಿಗೆ ತಿಂದು, ದುಡಿಯುವವರನ್ನು ನೋಡುತ್ತ ಕೂರುವುದನ್ನು ಧಣಿ ಎನ್ನದೆ ಇನ್ನೇನೆನ್ನಬೇಕು? ಅದರ ನಿದ್ದೆ ಕೆಡದಿರಲೆಂದು ದರ್ಜಿ ಬಲಗಾಲೊಂದರಲ್ಲೇ ಪೆಡಲ್ ತುಳಿಯುವುದನ್ನು ರೂಢಿಸಿಕೊಂಡಿದ್ದ. ಗಿರಾಕಿಗಳು ನೋಡಿ ನಗುತ್ತಿದ್ದರು. ಅವನೂ ನಗುತ್ತಿದ್ದ.

ಕಾಲರು ಮುಗಿಸಿ, ಜೋಮು ಹಿಡಿದ ಕಾಲನ್ನು ಮೆಲ್ಲಗೆ ಎಳೆದುಕೊಂಡ. ಧಣಿ ಎದ್ದು, ಮುನಿಸಿಕೊಂಡು, ಹಿಂಗಾಲು ಬಡಿಯಬೇಕಿತ್ತು. ಮಗ್ಗುಲಿಗೆ ಉರುಳಿತು. ಕಣ್ಣು ತೆರೆದೇ ಇತ್ತು.

"ಬೆಳಿಗ್ಗೆ ಚೆನ್ನಾಗೇ ತಿಂದಿತ್ತಲ್ಲೇ! ಯಾವಾಗ ಹೋಯ್ತೋ ಗೊತ್ತೇ ಆಗ್ಲಿಲ್ಲ. ನನ್ನ ಕಾಲ ಮೇಲೇ ಇತ್ತು, ನಾನು ಕಾಲರು ಹೊಲೀತಾ ಕೂತಿದ್ದೆ."

"ನೋವಾಗಿದ್ರೆ ಎದ್ದು ಓಡ್ತಿತ್ತು ರೀ. ಕಾಲು ಬಿಟ್ಟು ಕದಲಿಲ್ಲ ಅಂದ್ರೆ ನೆಮ್ಮದಿಯಾಗೇ ಹೋಗಿದೆ."

ಅವಳ ಮಾತು ಅವನ ಕಿವಿಗೆ ಬಿತ್ತೇ ಹೊರತು ಮನಸ್ಸಿಗೆ ಇಳಿಯಲಿಲ್ಲ. ಪಾದದ ಮೇಲಿದ್ದ ಜೀವ ಹೋದದ್ದು ತಿಳಿಯದಷ್ಟು ಮೈಮರೆತಿದ್ದೆನಲ್ಲ ಎಂಬ ಸಂಕಟ ಅವನನ್ನು ಕೊರೆಯುತ್ತಿತ್ತು.

ಚೂರು ಬಟ್ಟೆಗಳ ರಾಶಿ ಪಕ್ಕದಲ್ಲೇ ಇದ್ದರೂ ಹೊಸ ಬಟ್ಟೆಯ ತಾನಿನಿಂದ ಒಂದು ತುಂಡು ಕತ್ತರಿಸಿಕೊಂಡ. ಸೂಜಿಗೆ ದಾರ ಪೋಣಿಸಿ, ಅಂಚು ಮಡಿಚಿ, ಕೈಯಲ್ಲೇ ಹೊಲಿಯತೊಡಗಿದ.

"ಮಣ್ಣಿಗೆ ಹೋಗೋ ಬಟ್ಟೆಗೆ ಅಂಚು ಯಾಕ್ರೀ?"

"ಹಾಗೇ ಬಿಟ್ರೆ ನೂಲು ಬಿಡತ್ತೆ ಕಣೇ. ಆಮೇಲೆ ಇದು ಬಾಯಿಗೆ ಹಾಕ್ಕೊಂಡು..."

ಅರ್ಧ ಹೊಲಿದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಸೂಜಿ ಇಸಿದುಕೊಂಡು, ಉಳಿದ ಅಂಚನ್ನು ತಾನೇ ಹೊಲಿದು ಮುಗಿಸಿದಳು. ಇಬ್ಬರೂ ಸೇರಿ ಮೊಲವನ್ನು ಅದರಲ್ಲಿ ಸುತ್ತಿ ಹಿತ್ತಿಲ ಗೋಡೆಯ ಬದಿಗೆ ಮಣ್ಣು ಮಾಡಿದರು.

ಮರುದಿನ ಬೆಳಿಗ್ಗೆ ಅವನು ಯಂತ್ರದ ಮುಂದೆ ಸುಮ್ಮನೆ ಕೂತಿದ್ದ.

"ಇನ್ನಾದ್ರೂ ಎರಡೂ ಕಾಲಲ್ಲಿ ತುಳೀರಿ. ಮಂಡಿ ನೋವಾದ್ರೂ ಕಡಿಮೆಯಾಗ್ಲಿ," ಎಂದಳು ಹೆಂಡತಿ.

ಎರಡೂ ಪಾದ ಇಟ್ಟು ತುಳಿದ. ಚಕ್ರ ಅಂಕೆ ಮೀರಿ ಓಡಿ ದಾರ ಪಟ್ಟನೆ ಕಡಿಯಿತು. ಮತ್ತೆ ದಾರ ಪೋಣಿಸಿ, ಎಡಗಾಲನ್ನು ಕೆಳಗಿಳಿಸಿ ಹಳೆಯ ಜಾಗದಲ್ಲೇ ಇಟ್ಟುಕೊಂಡ. ಬಲಗಾಲು ತುಳಿಯತೊಡಗಿತು.

ಹೆಂಡತಿ ಪೊರಕೆ ತಂದಳು. ನೂಲು, ಚೂರುಗಳನ್ನೆಲ್ಲ ಗುಡಿಸುತ್ತ ಆ ಕಾಲಿನ ಹತ್ತಿರ ಬಂದಾಗ ಅವಳ ಕೈ ನಿಧಾನವಾಯಿತು. ಆಮೇಲೆ ಅದನ್ನು ಬಿಟ್ಟು ಸುತ್ತಲೂ, ಸದ್ದಾಗದಂತೆ ಗುಡಿಸಿದಳು.